ಕರಗಿದ ಕಬ್ಬಿಣವನ್ನು ನಾಳೆಗೆ ತಳ್ಳಿದವನು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ವಿಚಾರಣೆ ನಡೆದ ಕೋಣೆಯ ಕಿಟಕಿ ಕಾರ್ಖಾನೆಯ ಅಂಗಳದ ಕಡೆಗಿತ್ತೋ ರಸ್ತೆಯ ಕಡೆಗಿತ್ತೋ ಎಂದು ಯಾರಾದರೂ ಕೇಳಿದರೆ ನನ್ನಿಂದ ಖಚಿತವಾಗಿ ಹೇಳಲಾಗದು. ಕ್ರೇನ್ ಆಪರೇಟರ್ ಮೊದಲ ದಿನ ಅತ್ತದ್ದು ನಿಜವೋ, ಅಥವಾ ಅವನ ಕಣ್ಣುಗಳು ಕುಲುಮೆಯ ಬಿಸಿಗೆ ಯಾವಾಗಲೂ ಹಾಗೇ ಕೆಂಪಗಿರುತ್ತಿದ್ದವೋ, ಅದೂ ತಿಳಿಯದು. ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಆದರೆ ಆ ವಾರಗಳ ಪುಟಗಳಲ್ಲಿ ಇರುವುದು ತಲೆನೋವು, ಬಸ್ಸು, ಮತ್ತೆ ತಲೆನೋವು. ಮಾತುಗಳು ಮಾತ್ರ ನೆನಪಿವೆ. ಅವುಗಳನ್ನು ನೆನಪಿಡುವುದೇ ನನ್ನ ಕಸುಬು. ಅಲ್ಲೂ ಒಂದು ಅನುಮಾನ. ನನಗೆ ನೆನಪಿರುವುದು ಅವರು ಆಡಿದ ಮಾತೋ, ನಾನು ಅನುವಾದಿಸಿದ ಮಾತೋ?

ಕೆಲಸ ಬಂದದ್ದು ಫೋನಿನಲ್ಲಿ. ಮಲವಗೊಪ್ಪ ದಾಟಿ ಭದ್ರಾವತಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಖಾಸಗಿ ಫೌಂಡ್ರಿ ಇದೆ. ಕಬ್ಬಿಣ ಕರಗಿಸಿ, ಮರಳಿನ ಅಚ್ಚುಗಳಿಗೆ ಸುರಿದು, ಯಂತ್ರಗಳ ಬಿಡಿಭಾಗ ಎರಕ ಹೊಯ್ಯುವ ಕಾರ್ಖಾನೆ. ಅಲ್ಲಿನ ಎಚ್‌ಆರ್ ಅಧಿಕಾರಿ ಅವಸರದ ಮನುಷ್ಯ.

"ಮೇಡಂ, ಒಂದು ಚಾರ್ಜ್‌ಶೀಟ್ ಕನ್ನಡ ಮಾಡಿಕೊಡ್ಬೇಕು. ಆಮೇಲೆ ಎನ್‌ಕ್ವೈರಿಗೆ ಬಂದು ಕೂತ್ಕೋಬೇಕು. ಎನ್‌ಕ್ವೈರಿ ಆಫೀಸರ್ ಪುಣೆಯವ್ರು, ಕನ್ನಡ ಬರಲ್ಲ. ವರ್ಕರ್‌ಗೆ ಇಂಗ್ಲಿಷ್ ಬರಲ್ಲ. ಮಧ್ಯ ನೀವು."

ಕಾರ್ಖಾನೆಯೊಳಗಿನ ಇಂಥ ವಿಚಾರಣೆ ನ್ಯಾಯಾಲಯವಲ್ಲ, ಆದರೆ ಅದರ ಕ್ರಮವನ್ನೇ ಅನುಸರಿಸುತ್ತದೆ. ಆರೋಪಪತ್ರ ಕೊಡುತ್ತಾರೆ, ಕಾರ್ಮಿಕ ಉತ್ತರ ಬರೆಯುತ್ತಾನೆ. ಆಡಳಿತದ ಕಡೆಯ ಸಾಕ್ಷಿಗಳು ಬರುತ್ತಾರೆ, ಕಾರ್ಮಿಕ ಅವರನ್ನು ಪ್ರಶ್ನಿಸಬಹುದು, ಕೊನೆಗೆ ಅವನ ಹೇಳಿಕೆ. ಪ್ರತಿ ಪುಟದ ಕೆಳಗೆ ಎಲ್ಲರ ಸಹಿ. ನನ್ನ ಸಹಿಯೂ ಇರುತ್ತದೆ. ನಡೆದ ಮಾತನ್ನು ಸರಿಯಾಗಿ ಅನುವಾದಿಸಿದ್ದೇನೆ ಎಂಬ ಸಾಲಿನ ಕೆಳಗೆ. ವಿಚಾರಣಾಧಿಕಾರಿ ವರದಿ ಬರೆದ ಮೇಲೆ ಕಂಪನಿ ಒಬ್ಬ ಮನುಷ್ಯನನ್ನು ಮನೆಗೆ ಕಳಿಸಬಹುದು. ಈ ಸಲ ಕಳಿಸಬೇಕೆಂದಿದ್ದದ್ದು ಹೊಳೆಹೊನ್ನೂರು ಕಡೆಯ ಒಬ್ಬ ಕ್ರೇನ್ ಆಪರೇಟರ್‌ನನ್ನು.

ಆರೋಪ ಇಷ್ಟು. ಕ್ರೇನಿಗೆ ತೂಗುಹಾಕಿದ ಲೇಡಲ್‌ನಲ್ಲಿ, ಅಂದರೆ ಒಳಗೆ ಇಟ್ಟಿಗೆ ಕಟ್ಟಿದ ದೊಡ್ಡ ಬಕೆಟ್ಟಿನಲ್ಲಿ, ಕರಗಿದ ಕಬ್ಬಿಣ ತುಂಬಿಕೊಂಡು ಅಚ್ಚಿನ ಬಳಿ ಬಂದವನು ಸುರಿಯದೆ ಸುಮ್ಮನೆ ನಿಂತ. ಕಬ್ಬಿಣ ಲೇಡಲ್‌ನಲ್ಲೇ ಹೆಪ್ಪುಗಟ್ಟಿತು. ಒಂದು ಎರಕ ಹೋಯಿತು, ಲೇಡಲ್ ಹಾಳಾಯಿತು, ಇಡೀ ಪಾಳಿ ನಿಂತಿತು. ಇದನ್ನೆಲ್ಲ ಹೇಳಲು ಇಂಗ್ಲಿಷಿನ ಆರೋಪಪತ್ರ ಒಂದು ಕ್ರಿಯಾಪದ ಬಳಸಿತ್ತು. ಸದರಿ ಕಾರ್ಮಿಕನು ಪ್ರೊಕ್ರಾಸ್ಟಿನೇಟ್ ಮಾಡಿದನು.

ಈ ಪದವನ್ನು ನಾನು ವಿಶ್ವವಿದ್ಯಾಲಯದಲ್ಲಿ ಕಲಿತದ್ದು ತಮಾಷೆಯಾಗಿ, ಪ್ರಬಂಧ ಬರೆಯದೆ ಕಾಲ ಕಳೆಯುತ್ತಿದ್ದ ನಮ್ಮನ್ನೇ ನಾವು ಬೈದುಕೊಳ್ಳಲು. ಅದರ ಹೊಟ್ಟೆಯೊಳಗೆ ಲ್ಯಾಟಿನ್ನಿನ 'ನಾಳೆ' ಕೂತಿದೆ. ನಾಳೆಯ ಕಡೆಗೆ ತಳ್ಳುವುದು ಅದರ ಮೂಲಾರ್ಥ. ಬರೀ ತಡವಾಗುವುದಕ್ಕೆ ಆ ಪದ ಸಲ್ಲದು. ಮಾಡಬೇಕೆಂದು ಗೊತ್ತಿರಬೇಕು, ಮಾಡಲು ಸಾಧ್ಯವಿರಬೇಕು, ಮಾಡದಿದ್ದರೆ ಕೆಡುತ್ತದೆ ಎಂದೂ ಗೊತ್ತಿರಬೇಕು, ಆದರೂ ಆಮೇಲೆ ಮಾಡಿದರಾಯಿತು ಎನ್ನಬೇಕು. ಬಸ್ಸು ತಡವಾಗಿ ಬಂದರೆ, ಮದುವೆ ಮುಂದೆ ಹೋದರೆ, ಸಭೆಯನ್ನು ಬೇರೆ ದಿನಕ್ಕೆ ಹಾಕಿದರೆ ಈ ಪದ ಬರುವುದಿಲ್ಲ. ಪದ ಬಯ್ಯುವುದು ಮನುಷ್ಯನನ್ನು. ಸಂಸ್ಕೃತದಿಂದ ಬಂದ 'ದೀರ್ಘಸೂತ್ರಿ' ಹತ್ತಿರದ್ದು, ಆದರೆ ಅದನ್ನು ಓದಿ ಆಪರೇಟರ್ ಏನು ತಿಳಿದಾನು? 'ವಿಳಂಬ' ಎಂದರೆ ಆರೋಪ ಹಗುರವಾಗುತ್ತದೆ. 'ಬೇಕೆಂದೇ ಕಾಲಹರಣ' ಎಂದರೆ ಸರಿಹೋಗುತ್ತದೆ, ಆದರೆ ಕಣ್ಣೆದುರು ತಣ್ಣಗಾಗುತ್ತಿರುವ ಕಬ್ಬಿಣವನ್ನು ಯಾವ ಸೋಮಾರಿಯಾದರೂ ನಾಳೆಗೆ ಹಾಕುತ್ತಾನೆಯೇ?

ಎಚ್‌ಆರ್‌ಗೆ ಫೋನ್ ಮಾಡಿದೆ. "ಇಲ್ಲಿ ವಿಳಂಬ ಅಂತ ಅರ್ಥಾನಾ, ಕಾಲಹರಣ ಅಂತಾನಾ? ಎರಡೂ ಬೇರೆ."

"ಮೇಡಂ, ಡಿಲೇ ಅಂದ್ರೆ ರೈಲಿಗೂ ಆಗತ್ತೆ. ರೈಲನ್ನ ಸಸ್ಪೆಂಡ್ ಮಾಡಕ್ಕಾಗತ್ತಾ? ಸ್ಟ್ರಾಂಗ್ ಆಗಿರೋದು ಹಾಕಿ."

ಹಾಕಿದೆ. ಮೂಲದಲ್ಲಿದ್ದ ತೂಕ ಅನುವಾದದಲ್ಲೂ ಇರಬೇಕು.

ಆ ವಾರ ಭದ್ರಾವತಿಯ ಸೋದರಮಾವನ ಮನೆಗೆ ಹೋದೆ. ಮಾವ ಇಡೀ ಜೀವನ ಎರಕದ ಅಚ್ಚು ಕಟ್ಟಿದವರು, ನಿವೃತ್ತಿಯಾಗಿ ತುಂಬ ಕಾಲವಾಯಿತು. ಯಾರ ವಿಷಯ, ಯಾವ ಕಾರ್ಖಾನೆ ಎಂದು ನಾನು ಹೇಳಲಿಲ್ಲ. ಸುರಿಯುವುದು ಹೇಗೆ ಎಂದಷ್ಟೇ ಕೇಳಿದೆ.

"ಅದೇನು ಮಹಾ ವಿದ್ಯೆ ಮಾರಾಯ್ತಿ," ಎಂದರು. "ಅಚ್ಚು ಕಟ್ಟಿದ ಮೋಲ್ಡರ್ ಅಚ್ಚಿನ ಹತ್ರ ಇರ್ತಾನೆ. ಅವ್ನು ಬಾ ಅಂದ್ರೆ ಕ್ರೇನಿನೋನು ಬರ್ಬೇಕು, ಸುರಿ ಅಂದ್ರೆ ಸುರೀಬೇಕು. ಅಚ್ಚಿನೊಳಗೆ ಏನೈತೆ ಅಂತ ಕ್ರೇನಿನೋನಿಗೆ ಕಾಣಲ್ಲ. ಅಚ್ಚಿಗೆ ಬಳಿದ ಲೇಪ ಒಣಗಿರ್ಬೇಕು. ಒಂದು ಕಡೆ ಹಸಿ ಉಳಿದ್ರೂ ಮುಗೀತು, ನೀರು ಆವಿಯಾಗಿ ಕಬ್ಬಿಣನ ಎತ್ತಿ ಮುಖಕ್ಕೆ ಎರಚತ್ತೆ." ತೋಳಿನ ಮೇಲಿದ್ದ ಹಳೆಯ ಚುಕ್ಕೆ ಚುಕ್ಕೆ ಕಲೆಗಳನ್ನು ತೋರಿಸಿದರು. "ಇದೆಲ್ಲ ಹಂಗೇ ಆಗಿದ್ದು."

ವಿಚಾರಣೆಗೆ ಕೋಟೆ ಬಡಾವಣೆಯ ನನ್ನ ಮನೆಯಿಂದ ಹೋಗಿ ಬರುವುದೇ ಒಂದು ಕೆಲಸವಾಯಿತು. ಬಸ್ ನಿಲ್ದಾಣದವರೆಗೆ ನಡಿಗೆ, ಭದ್ರಾವತಿ ಬಸ್ಸು, ಇಳಿದ ಮೇಲೆ ಲಾರಿಗಳ ಧೂಳಿನಲ್ಲಿ ಗೇಟಿನವರೆಗೆ ಮತ್ತೆ ನಡಿಗೆ. ಒಮ್ಮೆ ವಿಚಾರಣಾಧಿಕಾರಿಯ ರೈಲು ತಪ್ಪಿತು, ನಾವೆಲ್ಲ ಕೂತು ಎದ್ದು ಬಂದೆವು. ಇನ್ನೊಮ್ಮೆ ಸಾಕ್ಷಿ ಹೇಳಬೇಕಿದ್ದ ಸೂಪರ್‌ವೈಸರ್ ಜ್ವರವೆಂದು ಬರಲಿಲ್ಲ. ಮತ್ತೊಮ್ಮೆ ಕರೆಂಟಿಲ್ಲದೆ ಟೈಪ್ ಮಾಡಲಾಗಲಿಲ್ಲ. ಕಾಲಹರಣದ ಆರೋಪದ ವಿಚಾರಣೆ ಹೀಗೆ ಮುಂದಕ್ಕೆ ಹೋಗುತ್ತಿದ್ದುದನ್ನು ನೋಡಿ ನಗು ಬರಬೇಕಿತ್ತು. ನಿದ್ದೆ ಬರುತ್ತಿತ್ತು.

ಅಮಾನತಿನಲ್ಲಿದ್ದ ಆಪರೇಟರ್ ಪ್ರತಿ ಸಲ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದ. ಸಹಾಯಕ್ಕೆ ಸಹೋದ್ಯೋಗಿಯನ್ನು ಕರೆತರಬಹುದು ಎಂದರೂ ಯಾರೂ ಬರಲಿಲ್ಲ. ಆರೋಪವನ್ನು ನಾನು ಓದಿ ಹೇಳಿದಾಗ ಅವನು ನನ್ನನ್ನೇ ನೋಡಿದ.

"ಕಾಲಹರಣ ಅಂದ್ರೆ, ಬೀಡಿ ಸೇದ್ತಾ ಕೂತಿದ್ದೆ ಅಂತಾನಾ ಮೇಡಂ?"

"ಬೇಕಂತಲೇ ತಡ ಮಾಡಿದ್ರಿ ಅಂತ."

"ನಿದ್ದೆ ಹೊಡೀತಿದ್ದ ಅಂತ ಬರೀರಿ ಬೇಕಾದ್ರೆ. ಅದಾದ್ರೂ ಜನ ನಂಬ್ತಾರೆ. ಕಾದ ಕಬ್ಬಿಣ ಮುಂದೆ ಇಟ್ಕೊಂಡು ಯಾವನಾದ್ರೂ ಆಟ ಆಡ್ತಾನಾ?" ಆಮೇಲೆ ದನಿ ತಗ್ಗಿಸಿ, "ಈ ಮಾತು ಕಾಗದದಲ್ಲಿ ಉಳಿದ್ರೆ ಈ ರೋಡಿನ ಯಾವ ಫೌಂಡ್ರಿ ಗೇಟೂ ನಂಗೆ ತೆಗೆಯಲ್ಲ. ನಂಗೆ ಬೇರೆ ಕೆಲ್ಸ ಬರಲ್ಲ ಮೇಡಂ," ಎಂದ.

ಅವನ ಲಿಖಿತ ಉತ್ತರ ಒಂದೇ ಸಾಲು. 'ಮೋಲ್ಡರ್ ಕೈ ಎತ್ತಿ ತಡಿ ಅಂದ, ಅದಕ್ಕೆ ತಡೆದೆ.' ಇಷ್ಟು ನೇರವಾದ ಕನ್ನಡ ನನಗೆ ಸಿಗುವುದು ಅಪರೂಪ. ತಡಿ ಎಂದರೆ ಸ್ವಲ್ಪ ನಿಲ್ಲು, ಕಾಯು. ಹಾಗೇ ಇಂಗ್ಲಿಷಿಗೆ ತಂದೆ: ಮೋಲ್ಡರ್ ಕಾಯಲು ಹೇಳಿದ, ನಾನು ಕಾದೆ. ಪುಣೆಯ ವಿಚಾರಣಾಧಿಕಾರಿ ತಲೆಯಾಡಿಸಿದರು. ಎಲ್ಲವೂ ಮೋಲ್ಡರ್ ಏನು ಹೇಳುತ್ತಾನೆ ಎಂಬುದರ ಮೇಲೆ ನಿಂತಿತು.

ಮೋಲ್ಡರ್ ಭದ್ರಾವತಿಯವನು, ಐವತ್ತರ ಆಸುಪಾಸು. ಮನೆಮಾತು ತೆಲುಗು, ಕೆಲಸದ ಕನ್ನಡ ಚೆನ್ನಾಗಿಯೇ ಇತ್ತು. ವಿಚಾರಣಾಧಿಕಾರಿ ಇಂಗ್ಲಿಷಿನಲ್ಲಿ ಕೇಳಿದರು. ನಾನು ಕನ್ನಡಕ್ಕೆ ತಂದೆ: "ಆಪರೇಟರ್‌ಗೆ ಕಾಯೋಕೆ ಹೇಳಿದ್ರಾ? ನಿಲ್ಲು ಅಂದ್ರಾ?"

"ಇಲ್ಲ ಸಾರ್. ನಿಲ್ಲು ಅಂತ ನಾನ್ಯಾಕೆ ಅಂತೀನಿ? ಬಿಸಿ ಕಬ್ಬಿಣ ನಿಲ್ಸಿ ನಾನೇನು ಬೋಂಡ ಕರೀಬೇಕಾ?"

ಎಚ್‌ಆರ್ ನಕ್ಕರು. ಆಪರೇಟರ್ ಮಾತ್ರ ಕುರ್ಚಿಯಿಂದ ಅರ್ಧ ಎದ್ದ. "ಅಣ್ಣಾ, ದೇವ್ರಾಣೆ ಹೇಳು. ನೀನು ಅನ್ಲಿಲ್ವಾ?"

"ಅನ್ಲಿಲ್ಲಪ್ಪ. ನನ್ ಮಕ್ಳಾಣೆ ಅನ್ಲಿಲ್ಲ."

ಇಬ್ಬರ ಮುಖದಲ್ಲೂ ಸುಳ್ಳು ಕಾಣಲಿಲ್ಲ. ಆದರೆ ಮುಖ ನೋಡಿ ಬರೆಯುವುದು ನನ್ನ ಕೆಲಸವಲ್ಲ. ಅವನು ಇಲ್ಲ ಎಂದ, ಇಲ್ಲ ಎಂದು ಬರೆಸಿದೆ. ಸಾಕ್ಷಿ ಮುಗಿಯಿತು ಎಂದು ವಿಚಾರಣಾಧಿಕಾರಿ ಹೇಳಿದರು. ಟೈಪಾದ ಪುಟಗಳಿಗೆ ಮುಂದಿನ ಬೈಠಕ್ಕಿನಲ್ಲಿ ಸಹಿ, ಆಪರೇಟರ್‌ನ ಕೊನೆಯ ಹೇಳಿಕೆ, ಆಮೇಲೆ ವರದಿ. ಅವನು ಸುಳ್ಳು ನೆಪ ಹೇಳಿದ್ದಾನೆ ಎಂಬುದೂ ಈಗ ಆರೋಪಕ್ಕೆ ಸೇರಿಕೊಳ್ಳುತ್ತದೆ ಎಂದು ಎಚ್‌ಆರ್ ಕಾರಿಡಾರಿನಲ್ಲಿ ಹೇಳಿದರು.

ಆ ದಿನವೋ ಮುಂದಿನ ಸಲವೋ, ಊಟಕ್ಕೆ ಕ್ಯಾಂಟೀನಿಗೆ ಹೋದೆ. ಆ ದಿನವೇ ಇರಬೇಕು, ಏಕೆಂದರೆ ಪುಟಗಳು ಇನ್ನೂ ಸಹಿಯಾಗಿರಲಿಲ್ಲ. ನೆಲ ಒರೆಸುತ್ತಿದ್ದ ಹೆಂಗಸು ನನ್ನನ್ನು ಕಂಡು ಕೈ ಎತ್ತಿ, "ತಡಿ ಅಮ್ಮಾ, ತಡಿ!" ಎಂದಳು. ನಾನು ಬಾಗಿಲಲ್ಲೇ ನಿಂತೆ. ಅವಳು ಒರೆಸುತ್ತ ಒಳಗೆ ಹೋದಳು. ನಾನು ನಿಂತೇ ಇದ್ದೆ. ಹಿಂದಿನಿಂದ ಬಂದ ಇಬ್ಬರು ಕಾರ್ಮಿಕರು ನನ್ನ ಪಕ್ಕದಿಂದ ನುಸುಳಿ, ಗೋಡೆಯಂಚಿನಲ್ಲಿ ನಡೆದು ಹೋಗಿ ಊಟಕ್ಕೆ ಕೂತರು. ಕೊನೆಗೆ ಆ ಹೆಂಗಸೇ ತಿರುಗಿ ನೋಡಿದಳು.

"ಯಾಕಮ್ಮ ಅಲ್ಲೇ ನಿಂತುಬಿಟ್ರಿ? ಬನ್ನಿ, ಈ ಕಡೆಯಿಂದ ಬನ್ನಿ."

"ನೀವೇ ತಡಿ ಅಂದ್ರಲ್ಲ."

ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ಅಯ್ಯೋ, ನಿಮ್ ತಡಿ ಅಲ್ಲಮ್ಮ, ನಮ್ ತಡಿ. ತೆಲುಗಲ್ಲಿ ತಡಿ ಅಂದ್ರೆ ಹಸಿ. ನೆಲ ತಡಿ ಐತೆ, ಜಾರ್ತೀರ ಅಂದೆ."

ಅನ್ನದ ತಟ್ಟೆ ಮುಂದಿಟ್ಟುಕೊಂಡು ಕೂತೆ. ಆಪರೇಟರ್‌ನ ಬಾಯಲ್ಲಿ 'ತಡಿ' ಇತ್ತು. ನಾನು ಅದನ್ನು ಇಂಗ್ಲಿಷಿನ ಕಾಯುವಿಕೆ ಮಾಡಿದೆ. ವಿಚಾರಣಾಧಿಕಾರಿ ಆ ಇಂಗ್ಲಿಷನ್ನು ಪ್ರಶ್ನೆ ಮಾಡಿದರು. ನಾನು ಅದನ್ನು 'ನಿಲ್ಲು' ಮಾಡಿ ಮೋಲ್ಡರ್‌ಗೆ ಕೊಟ್ಟೆ. ಹೋಗಿ ಬರುವ ದಾರಿಯಲ್ಲಿ ಮೂಲದ ಪದವೇ ಬಿದ್ದುಹೋಗಿತ್ತು. 'ತಡಿ ಅಂದ್ರಾ' ಎಂದು ಮೋಲ್ಡರ್‌ನನ್ನು ಯಾರೂ ಕೇಳಿರಲಿಲ್ಲ. ಎರಡು ಅನುವಾದಗಳೂ ಸರಿಯಾಗಿದ್ದವು. ಪರೀಕ್ಷೆಯಲ್ಲಾದರೆ ಪೂರ್ತಿ ಅಂಕ ಸಿಗುತ್ತಿತ್ತು.

ಹಾಗಾದರೆ ಏನಾಗಿರಬಹುದು? ಮೋಲ್ಡರ್ ಅಚ್ಚಿನ ಬಾಯಿಯಲ್ಲಿ ಹಸಿ ಕಂಡ. ಹಸಿ ಇದೆ ಎಂದು ತನ್ನ ಭಾಷೆಯಲ್ಲಿ ಕೂಗಿದ. ಗಾಬರಿಯಲ್ಲಿ ಮನೆಮಾತೇ ಬಾಯಿಗೆ ಬರುವುದು. ಆಪರೇಟರ್‌ಗೆ ಅದು ಕಾಯು ಎಂದು ಕೇಳಿತು. ಇದೆಲ್ಲ ನನ್ನ ಊಹೆ. ನಾನು ಸಾಕ್ಷಿಯಲ್ಲ. ಇನ್ನೊಂದು ಯೋಚನೆಯೂ ಬಂತು. ಅಚ್ಚು ಹಸಿ ಇತ್ತು ಎಂದಾದರೆ ಅದನ್ನು ಒಣಗಿಸಬೇಕಿದ್ದವನು ಮೋಲ್ಡರ್. ಆಪರೇಟರ್‌ನ ಮೇಲಿಂದ ಇಳಿದ ಆರೋಪ ಗಾಳಿಯಲ್ಲಿ ನಿಲ್ಲುವುದಿಲ್ಲ.

ಒಂದು ವಾರ ಏನೂ ಮಾಡಲಿಲ್ಲ. ಸುಮ್ಮನೆ ಸಹಿ ಹಾಕಿಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅನುವಾದಕಿ ಅರ್ಥ ಸೇರಿಸಬಾರದು, ಸಲಹೆ ಕೊಡಬಾರದು, ಪಕ್ಷ ವಹಿಸಬಾರದು ಎಂದು ನಾನೇ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟಿದ್ದೇನೆ. ಆದರೆ ಸಹಿಯ ಮೇಲಿನ ಸಾಲು ಸರಿಯಾಗಿ ಅನುವಾದಿಸಿದ್ದೇನೆ ಎನ್ನುತ್ತಿತ್ತು. ಈಗ ಅದು ನಿಜವಲ್ಲ ಎಂದು ನನಗೆ ಗೊತ್ತಿತ್ತು. ಧೈರ್ಯದಿಂದ ನಿರ್ಧರಿಸಿದೆ ಎಂದು ಬರೆಯಲು ಮನಸ್ಸು ಒಪ್ಪುವುದಿಲ್ಲ. ಬೈಠಕ್ಕಿನ ದಿನ ಪೆನ್ನು ಕೈಗೆ ಕೊಟ್ಟಾಗ ಬರೆಯಲಾಗಲಿಲ್ಲ, ಅಷ್ಟೇ.

"ಈ ಪುಟಕ್ಕೆ ನಾನು ಸಹಿ ಹಾಕೋದಕ್ಕಾಗಲ್ಲ," ಎಂದೆ. "ಒಂದು ಪದದ ಅನುವಾದ ಪೂರ್ತಿಯಾಗಿಲ್ಲ. ಆಪರೇಟರ್ ಹೇಳಿದ ಮೂಲ ಪದವನ್ನೇ ಸಾಕ್ಷಿಯ ಮುಂದಿಟ್ಟು ಮತ್ತೆ ಕೇಳಬೇಕು."

ಎಚ್‌ಆರ್ ನನ್ನನ್ನು ಹೊರಗೆ ಕರೆದರು. "ಮೇಡಂ, ನಿಮ್ ಕೆಲ್ಸ ಟ್ರಾನ್ಸ್‌ಲೇಶನ್ನು. ಕೇಸು ನಡ್ಸೋದಲ್ಲ. ಮುಗಿಯೋ ಹೊತ್ತಲ್ಲಿ ಯಾಕೆ ಎಳೀತೀರಿ? ಈಗ ಪ್ರೊಕ್ರಾಸ್ಟಿನೇಟ್ ಮಾಡ್ತಿರೋದು ಯಾರು ಹೇಳಿ?"

ಆ ಪದವನ್ನು ಅವರು ಸರಿಯಾಗಿ ಬಳಸಿದ್ದು ಅದೊಂದೇ ಸಲ ಎಂದು ಆಗ ಅನ್ನಿಸಿತು. ಈಗ ಅಷ್ಟು ಖಚಿತವಿಲ್ಲ. "ಸಹಿ ಇಲ್ಲದ ಪುಟ ನಾಳೆ ಲೇಬರ್ ಕೋರ್ಟಿನಲ್ಲಿ ನಿಲ್ಲಲ್ಲ ಸಾರ್," ಎಂದೆ. ಅದು ಅವರಿಗೆ ಅರ್ಥವಾಯಿತು. ಪುಣೆಯವರಿಗೆ ಅಸಮಾಧಾನವಾದರೂ ಮೋಲ್ಡರ್‌ನನ್ನು ಮತ್ತೆ ಕರೆಸಿದರು. ಪ್ರಶ್ನೆ ಹೀಗೇ ಇರಬೇಕೆಂದು ನಾನೇ ಕೇಳಿಕೊಂಡೆ. ಅರ್ಥ ಹೇಳಬಾರದು, ಪದ ಮಾತ್ರ.

"ಆವತ್ತು ಅಚ್ಚಿನ ಹತ್ತಿರ ನೀವು ತಡಿ ಅಂತ ಅಂದ್ರಾ?"

ಮೋಲ್ಡರ್ ನನ್ನ ಕಡೆ ತಿರುಗಿದ. ಆ ಪದ ಅವನಿಗೆ ಯಾವ ಭಾಷೆಯಲ್ಲಿ ಕೇಳಿಸಿತೆಂದು ಅವನ ಮುಖದಲ್ಲಿ ಕಂಡಿತು. ಅದರ ಬೆನ್ನಿಗೇ, ಉತ್ತರ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಅವನಿಗೆ ಹೊಳೆದದ್ದೂ ಕಂಡಿತು. ಇಲ್ಲ ಎಂದುಬಿಡಬಹುದಿತ್ತು. ನಾನು ಹಾಳೆ ನೋಡುತ್ತ ಕೂತೆ.

"ಅಂದೆ," ಎಂದ.

"ಅಂದರೆ ಏನು?" ವಿಚಾರಣಾಧಿಕಾರಿಯ ಮುಂದಿನ ಪ್ರಶ್ನೆಯನ್ನು ಕನ್ನಡಕ್ಕೆ ತಂದೆ.

"ಹಸಿ ಅಂತ. ಬಾಯಿ ಹತ್ರ ಹಸಿ ಇತ್ತು. ಪಕ್ಕದ ಅಚ್ಚಿಗೆ ಬರ್ಲಿ ಅಂತ ನಾನು ಆ ಕಡೆ ಹೋಗಿ ರೆಡಿ ಮಾಡ್ಕೊಂಡು ನಿಂತೆ. ಅಚ್ಚಿನ ಪೆಟ್ಟಿಗೆಗಳ ಸಾಲಿನ ಹಿಂದೆ, ಅಲ್ಲಿಂದ ಇವ್ನು ಕಾಣ್ತಿರ್ಲಿಲ್ಲ. ಇವ್ನು ಬರ್ಲೇ ಇಲ್ಲ."

ಆಪರೇಟರ್ ಎದ್ದೇಬಿಟ್ಟ. "ಹಸಿ ಅಂದ್ಯಾ? ಅಣ್ಣಾ, ನೀನು ಸುರಿ ಅಂತೀಯ ಅಂತ ನಾನು ಅಲ್ಲೇ ಕಾಯ್ತಿದ್ನಲ್ಲೋ!"

"ನಾನು ಆ ಕಡೆ ಕಾಯ್ತಿದ್ದೆ ಕಣೋ. ಎಲ್ಲಿ ಸತ್ತ ಇವ್ನು ಅಂತ ಬೈಕೊಂಡು."

ಕೋಣೆಯಲ್ಲಿ ಯಾರೋ ನಕ್ಕರು, ನಾನೇ ಇರಬಹುದು. ಈ ಮಾತುಗಳನ್ನು ಇಂಗ್ಲಿಷಿಗೆ ತರುವಾಗ 'ತಡಿ' ಎಂಬುದನ್ನು ಹಾಗೇ ಉಳಿಸಿ, ಕನ್ನಡದಲ್ಲಿ ಹೀಗೆ, ತೆಲುಗಿನಲ್ಲಿ ಹೀಗೆ ಎಂದು ಕೆಳಗೆ ಟಿಪ್ಪಣಿ ಬರೆಸಿದೆ. ಪುಣೆಯವರು ಅದನ್ನು ಮತ್ತೆ ಮತ್ತೆ ಓದಿದರು. ಆಮೇಲೆ ಸಹಿ ಹಾಕಿದೆ. ಕೆಳಗೆ ಮೋಲ್ಡರ್ ಹಾಕಿದ, ನಿಧಾನವಾಗಿ, ಪೂರ್ತಿ ಹೆಸರು ಬರೆದು.

ಕಾಲಹರಣದ ಆರೋಪ ಸಾಬೀತಾಗಲಿಲ್ಲ ಎಂದು ವರದಿ ಬಂತು. ಆಪರೇಟರ್ ಕೆಲಸಕ್ಕೆ ಮರಳಿದ. ನನಗೆ ಫೋನ್ ಮಾಡಿ, "ಆ ಉದ್ದದ ಇಂಗ್ಲಿಷ್ ಪದ ಒಂದ್ಸಲ ಹೇಳಿ ಮೇಡಂ, ನನ್ ಹೆಂಡ್ತಿ ಕೇಳ್ತಿದಾಳೆ," ಎಂದ. ಹೇಳಿದೆ. ಅವನಿಗೆ ಬಾಯಿ ತಿರುಗಲಿಲ್ಲ. ಆ ಕಡೆ ಅವಳು ನಗುವುದು ಕೇಳಿಸಿತು. ನನಗೂ ಸಂತೋಷವಾಯಿತು, ಆದರೆ ಫೋನ್ ಬೇಗ ಇಡಬೇಕೆನ್ನಿಸಿತು.

ಮಾರನೇ ವಾರ ಎಚ್‌ಆರ್ ಫೋನ್ ಬಂತು. "ಇನ್ನೊಂದಿದೆ ಮೇಡಂ, ಚಿಕ್ಕದು. ಮೋಲ್ಡರ್ ಮೇಲೆ. ಕನ್ನಡ ಮಾಡ್ಕೊಡಿ. ಈ ಸಲ ಕಷ್ಟದ ಪದ ಏನಿಲ್ಲ, ಬರೀ ನೆಗ್ಲಿಜೆನ್ಸ್."

"ನೋಡಿ ಹೇಳ್ತೀನಿ," ಎಂದೆ. ಇನ್ನೂ ಹೇಳಿಲ್ಲ. ನಾನು ಒಪ್ಪದಿದ್ದರೆ ಬೇರೆ ಯಾರೋ ಮಾಡಿಕೊಡುತ್ತಾರೆ. ಆ ಬೇರೆ ಯಾರೋ 'ಅಜಾಗರೂಕತೆ' ಎಂಬ ಪದವನ್ನು ತೂಗಿ ನೋಡದೆ ಹಾಕಿಬಿಡಬಹುದು. ನಾನು ಮಾಡಿದರೆ ತೂಗಿ ನೋಡಿ ಅದನ್ನೇ ಹಾಕಬೇಕಾಗುತ್ತದೆ.

ಭಾನುವಾರ ಮಾವನ ಮನೆಗೆ ಹೋದೆ. ಈ ಸಲ ಹೆಸರು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. 'ತಡಿ'ಯ ಜಾಗಕ್ಕೆ ಬಂದಾಗ ಅವರು ತೊಡೆ ತಟ್ಟಿಕೊಂಡು ನಕ್ಕರು. ಮೋಲ್ಡರ್ 'ಅಂದೆ' ಎಂದು ಒಪ್ಪಿಕೊಂಡ ಜಾಗದಲ್ಲಿ ನಗು ನಿಂತಿತು. ಅವನ ಮೇಲೆ ಈಗ ಕಾಗದ ತಯಾರಾಗುತ್ತಿದೆ ಎಂದಾಗ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು.

"ಮಾವ," ಎಂದೆ, "ಇನ್ನೊಂದ್ಸಲ ಅಚ್ಚಿನ ಬಾಯಲ್ಲಿ ಹಸಿ ಕಂಡ್ರೆ, ಆ ಮನುಷ್ಯ ಕೂಗಿ ಹೇಳ್ತಾನಾ?"

ಮಾವ ಕನ್ನಡಕ ಹಾಕಿಕೊಂಡು, ತೋಳಿನ ಮೇಲಿನ ಆ ಚುಕ್ಕೆ ಚುಕ್ಕೆ ಕಲೆಗಳನ್ನು ನೋಡಿಕೊಂಡರು.